ಫ್ರೀಜರ್ ಗಾಡಿಯ ಚಾಲಕ: ಮಾಲಿಗಿರುವ ಕಾಳಜಿ ಮೈಗೂ ಇರಲಿ

ಕಳೆದ ಬೇಸಿಗೆಯಲ್ಲಿ ನನ್ನ ಕ್ಲಿನಿಕ್ಕಿಗೆ ಒಬ್ಬ ಚಾಲಕರು ಬಂದರು. ವಯಸ್ಸು ನಲವತ್ತರ ಹತ್ತಿರ. ಮಂಗಳೂರಿನಿಂದ ಮುಂಬೈ ಕಡೆಗೆ ಹೆಪ್ಪುಗಟ್ಟಿಸಿದ ಮೀನು ಸಾಗಿಸುವ ಕೆಲಸ. ಸೊಂಟನೋವು ಮತ್ತು ಉರಿಮೂತ್ರ ಎಂದು ಬಂದಿದ್ದರು. "ಬಿಪಿ, ಶುಗರ್ ಕೊನೆಗೆ ನೋಡಿಸಿದ್ದು ಯಾವಾಗ?" ಎಂದು ಕೇಳಿದೆ. ನೆನಪಿಲ್ಲ ಎಂದರು. "ಹಿಂದಿನ ರಿಪೋರ್ಟ್ ಏನಾದರೂ ಉಂಟಾ?" ಎಂದಾಗ ಅಂಗಿಯ ಜೇಬಿಗೆ ಕೈ ಹಾಕಿ ಹುಡುಕಿದರು. ಮಡಚಿದ ಉದ್ದನೆಯ ಚೀಟಿಯೊಂದು ಹೊರಗೆ ಬಂತು. ಅದು ಅವರ ರಿಪೋರ್ಟ್ ಆಗಿರಲಿಲ್ಲ. ಅವರ ಗಾಡಿಯ ಪೆಟ್ಟಿಗೆಯೊಳಗಿನ ತಾಪಮಾನದ ದಾಖಲೆಯಾಗಿತ್ತು. ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಇತ್ತು ಎಂದು ಹಗಲು ರಾತ್ರಿ ಎನ್ನದೆ ಸಾಲುಸಾಲಾಗಿ ಅಚ್ಚಾಗಿತ್ತು.

"ಇದು ಸರಿ ಇಲ್ಲದಿದ್ದರೆ ಪಾರ್ಟಿ ಮಾಲು ಇಳಿಸಿಕೊಳ್ಳುವುದಿಲ್ಲ ಡಾಕ್ಟ್ರೇ" ಎಂದರು. ಆ ದಿನ ಪರೀಕ್ಷೆ ಮಾಡಿದಾಗ ಅವರ ರಕ್ತದ ಸಕ್ಕರೆ 280 ಇತ್ತು. ಎಷ್ಟು ಕಾಲದಿಂದ ಹಾಗಿತ್ತೋ ಹೇಳಲು ಒಂದು ಚೀಟಿಯೂ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ ಮೀನಿನ ಲಾರಿ, ರೀಫರ್ ಗಾಡಿ, ಕಂಟೇನರ್ ಓಡಿಸುವವರಿಲ್ಲದ ಮೊಹಲ್ಲಾ ಕಡಿಮೆ. ಕೆಲವರು ಗಲ್ಫ್‌ನಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಮಗನೋ ಗಂಡನೋ ಅಣ್ಣನೋ ಈ ದುಡಿಮೆಯಲ್ಲಿದ್ದರೆ ಈ ಲೇಖನ ನಿಮಗಾಗಿ. ಚಾಲಕರು ಓದಲು ಸಿಗುವುದು ಅಪರೂಪ. ಆದ್ದರಿಂದ ಮನೆಯವರು ಓದಿ ಅವರಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಈ ಕೆಲಸ ಏಕೆ ಬೇರೆ?

ಸಾಮಾನ್ಯ ಲಾರಿಯ ಚಾಲಕ ನಿದ್ದೆ ಬಂದರೆ ಗಾಡಿಯನ್ನು ಬದಿಗೆ ಹಾಕಿ ಮಲಗಬಹುದು. ಸಿಮೆಂಟೋ ಹಂಚೋ ಒಂದು ರಾತ್ರಿ ತಡವಾದರೆ ಕೊಳೆಯುವುದಿಲ್ಲ. ರೀಫರ್ ಗಾಡಿಯ ಚಾಲಕನಿಗೆ ಆ ನೆಮ್ಮದಿ ಇಲ್ಲ. ಹೆಪ್ಪುಗಟ್ಟಿಸಿದ ಮೀನು, ಸಿಗಡಿ, ಮಾಂಸ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಐಸ್‌ಕ್ರೀಮಿಗೆ ಅದಕ್ಕಿಂತಲೂ ತಣ್ಣಗೆ ಬೇಕಾಗಬಹುದು. ಹಸಿ ಮೀನಿಗೆ ಐಸ್ ಕರಗುವ ಮಟ್ಟ, ಅಂದರೆ ಸೊನ್ನೆಯ ಆಸುಪಾಸು. ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗಾಡಿಯ ಕೂಲಿಂಗ್ ಯೂನಿಟ್ ಇರುವುದು ಮೊದಲೇ ತಣ್ಣಗಾಗಿರುವ ಮಾಲನ್ನು ಹಾಗೆಯೇ ಉಳಿಸಲಿಕ್ಕೆ. ಬೆಚ್ಚಗಿನ ಮಾಲನ್ನು ತಣ್ಣಗೆ ಮಾಡಲಿಕ್ಕಲ್ಲ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಬಿಸಿ, ತೇವದ ಗಾಳಿ ಒಳಗೆ ನುಗ್ಗುತ್ತದೆ. ಒಮ್ಮೆ ತಾಪಮಾನ ಏರಿದರೆ ಮತ್ತೆ ಇಳಿಸುವುದು ಕಷ್ಟ. ಯೂನಿಟ್ ಕೆಟ್ಟರೆ ನಡುರಾತ್ರಿಯಲ್ಲೂ ಮೆಕ್ಯಾನಿಕ್ ಹುಡುಕಬೇಕು. ಹಾಗಾಗಿ ಗಾಡಿ ನಿಂತಿದ್ದರೂ ಚಾಲಕನ ಒಂದು ಕಿವಿ ಯೂನಿಟ್ಟಿನ ಸದ್ದಿನ ಮೇಲೆಯೇ ಇರುತ್ತದೆ. ಆ ಯೂನಿಟ್ ಇರುವುದು ಎಲ್ಲಿ? ಪೆಟ್ಟಿಗೆಯ ಮುಂದಿನ ಗೋಡೆಯಲ್ಲಿ, ಚಾಲಕ ಮಲಗುವ ಕ್ಯಾಬಿನ್ನಿಗೆ ತಾಗಿದಂತೆ. ಸದ್ದು ನಿಂತರೆ ಮಾಲಿನ ಚಿಂತೆ, ಸದ್ದು ಇದ್ದರೆ ನಿದ್ದೆ ಇಲ್ಲ.

ಮಂಗಳೂರಿನಿಂದ ಮುಂಬೈಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 900 ಕಿ.ಮೀ. ಎಲ್ಲವೂ ಸರಾಗವಾದರೂ ತುಂಬಿದ ಗಾಡಿಗೆ ಒಂದು ಹಗಲು, ಒಂದು ರಾತ್ರಿ ಬೇಕು. ಅದಕ್ಕಿಂತ ಮೊದಲು ಕೋಲ್ಡ್ ಸ್ಟೋರೇಜಿನ ಎದುರು ಲೋಡಿಗಾಗಿ ಗಂಟೆಗಟ್ಟಲೆ ಕಾಯಬೇಕು. ತಲುಪಿದ ಮೇಲೆ ಇಳಿಸಲು ಮತ್ತೆ ಕಾಯಬೇಕು. ಈ ಕಾಯುವಿಕೆಯನ್ನು ಯಾರೂ ದುಡಿಮೆ ಎಂದು ಲೆಕ್ಕ ಹಿಡಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ. ಪೂರ್ವ ಕರಾವಳಿಯಲ್ಲಿ ಜೂನ್ 14ಕ್ಕೆ ನಿಷೇಧ ಮುಗಿದ ಮೇಲೆ ಅಲ್ಲಿನ ಮೀನು ಇಲ್ಲಿಗೆ ಬರತೊಡಗುತ್ತದೆ. ಆಗ ಸುರಿಯುವ ಮಳೆಯಲ್ಲಿ, ಘಾಟಿಯ ರಸ್ತೆಯಲ್ಲಿ, ಇನ್ನೂ ದೂರದ ಓಟ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಸಾಮಾನ್ಯ ಮಿತಿಯನ್ನು ಹಾಕಿತ್ತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದೂ ಅದರಲ್ಲಿತ್ತು. ರಸ್ತೆಯಲ್ಲಿ ಇದು ಎಷ್ಟು ನಡೆಯುತ್ತದೆ ಎಂದು ಚಾಲಕರ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ಮಾತು: ಗಾಡಿಯ ಹಿಂದಿನ ಪೆಟ್ಟಿಗೆ ಎಷ್ಟೋ ಕಾಲದಿಂದ ತಣ್ಣಗಿದೆ. ಮುಂದಿನ ಕ್ಯಾಬಿನ್ನಿನಲ್ಲಿ ಎ.ಸಿ. ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಮಾತ್ರ. ಹಳೆಯ ಗಾಡಿಗಳಲ್ಲಿ ಮೀನು ಮೈನಸ್ 18ರಲ್ಲಿ, ಮನುಷ್ಯ 40 ಡಿಗ್ರಿಯಲ್ಲಿ.

ಆರು ಅವಶ್ಯಕತೆಗಳು

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಆಧಾರಗಳನ್ನು ಹೇಳಲಾಗಿದೆ. ಇಬ್ನ್ ಸೀನಾ ಅವರ 'ಅಲ್ ಕಾನೂನ್' ಗ್ರಂಥದಲ್ಲೂ ಇವುಗಳ ವಿವರಣೆ ಇದೆ. ಇವುಗಳನ್ನು ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ಸುತ್ತಲಿನ ಗಾಳಿ, ಅನ್ನ-ನೀರು, ಮೈಯ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಮತ್ತು ಉಳಿಯಬೇಕಾದದ್ದು. ಇವುಗಳಲ್ಲಿ ಒಂದು ಹದ ತಪ್ಪಿದರೆ ಕಾಯಿಲೆ ಬಾಗಿಲಿಗೆ ಬರುತ್ತದೆ. ಫ್ರೀಜರ್ ಗಾಡಿಯ ಚಾಲಕನಿಗೆ ಒಂದೇ ಟ್ರಿಪ್ಪಿನಲ್ಲಿ ಆರೂ ಹದ ತಪ್ಪುತ್ತವೆ. ಒಂದೊಂದಾಗಿ ನೋಡೋಣ.

1. ನಿದ್ದೆ ಮತ್ತು ಎಚ್ಚರ

ಇದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಉಳಿದ ಐದು ಮೈಯನ್ನು ನಿಧಾನವಾಗಿ ಕೆಡಿಸುತ್ತವೆ. ಇದು ಒಂದು ಕ್ಷಣದಲ್ಲಿ ಜೀವ ತೆಗೆಯುತ್ತದೆ. ಬೆಳಗಿನ ಜಾವ 2ರಿಂದ 5 ಗಂಟೆಯವರೆಗೆ ಮತ್ತು ಮಧ್ಯಾಹ್ನ 2ರಿಂದ 4ರವರೆಗೆ ಮನುಷ್ಯನ ದೇಹ ಸಹಜವಾಗಿಯೇ ನಿದ್ದೆಯ ಕಡೆಗೆ ವಾಲುತ್ತದೆ. ಎಷ್ಟು ಅನುಭವ ಇದ್ದರೂ ಇದನ್ನು ಗೆಲ್ಲಲಾಗದು. ಕಣ್ಣು ತೆರೆದಿದ್ದರೂ ಮೆದುಳು ಮೂರು ಸೆಕೆಂಡು ಮಲಗಬಹುದು. 60 ಕಿ.ಮೀ. ವೇಗದ ಗಾಡಿ ಆ ಮೂರು ಸೆಕೆಂಡಿನಲ್ಲಿ 50 ಮೀಟರ್ ಓಡುತ್ತದೆ, ಚಾಲಕನಿಲ್ಲದೆ.

1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣುಗಳ ಹೊಂದಾಣಿಕೆ 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯ ಇರುವವರಷ್ಟೇ ಕುಂದಿತ್ತು. ನಮ್ಮ ದೇಶದ ಕಾನೂನಿನಲ್ಲಿ ಚಾಲಕನಿಗೆ ಇರುವ ಮಿತಿ 30 ಮಿ.ಗ್ರಾಂ. ಇದರ ಅರ್ಥ ಯೋಚಿಸಿ. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟದ ನಮ್ಮ ಹುಡುಗ ನಿದ್ದೆಗೆಟ್ಟು ಸ್ಟೇರಿಂಗ್ ಹಿಡಿದರೆ ಕುಡಿದವನ ಹಾಗೆಯೇ ಓಡಿಸುತ್ತಾನೆ. ಅವನಿಗೂ ಅಪಾಯ, ಎದುರು ಬರುವ ಬಸ್ಸಿನಲ್ಲಿರುವವರಿಗೂ ಅಪಾಯ.

ಏನು ಮಾಡಬೇಕು? ಮುಖ ತೊಳೆಯುವುದು, ಹಾಡು ಜೋರಾಗಿ ಹಾಕುವುದು, ಕಿಟಕಿ ತೆರೆಯುವುದು ಐದು ಹತ್ತು ನಿಮಿಷದ ಮದ್ದು. ನಿದ್ದೆಗೆ ನಿದ್ದೆಯೇ ಮದ್ದು. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಲೋಟ ಚಹಾ ಅಥವಾ ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಚಹಾದ ಪ್ರಭಾವ ಶುರುವಾಗಲು ಸುಮಾರು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಎರಡರ ಲಾಭವೂ ಸಿಗುತ್ತದೆ. ಎದ್ದ ಕೂಡಲೇ ಹೊರಡದೆ ಐದು ಹತ್ತು ನಿಮಿಷ ನಡೆದಾಡಿ. ಇಪ್ಪತ್ತು ನಿಮಿಷ ನಿಂತ ಮಾತ್ರಕ್ಕೆ ಮಾಲು ಹಾಳಾಗುವುದಿಲ್ಲ. ಯೂನಿಟ್ ಓಡುತ್ತಿದ್ದು ಬಾಗಿಲು ಮುಚ್ಚಿದ್ದರೆ ಪೆಟ್ಟಿಗೆ ತನ್ನ ತಣ್ಪನ್ನು ಕಾಪಾಡಿಕೊಳ್ಳುತ್ತದೆ. ಆದರೆ ಯೂನಿಟ್ ಗಾಡಿಯ ಎಂಜಿನ್ನಿನಿಂದಲೇ ಓಡುವುದಾದರೆ ನಿಲ್ಲಿಸಿದಾಗ ಏನು ಮಾಡಬೇಕೆಂದು ಹೊರಡುವ ಮೊದಲೇ ಮಾಲಕರಲ್ಲಿ ಕೇಳಿಟ್ಟುಕೊಳ್ಳಿ.

ನಿದ್ದೆ ಬಾರದಂತೆ ಮಾಡುವ ಮಾತ್ರೆ ಎಂದು ಯಾರಾದರೂ ಕೊಟ್ಟರೆ ಖಂಡಿತ ಮುಟ್ಟಬೇಡಿ. ಗುಟ್ಕಾ, ಬೀಡಿಗಳೂ ಅಷ್ಟೆ. ಅವು ನಿದ್ದೆಯನ್ನು ಓಡಿಸುವುದಕ್ಕಿಂತ ಬಾಯಿಗೆ, ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವುದು ಖಚಿತವಾದ ದಾರಿ. ಶೀತ, ತುರಿಕೆಗೆ ಕೊಡುವ ಕೆಲವು ಮಾತ್ರೆಗಳು ನಿದ್ದೆ ತರುತ್ತವೆ. ನಮ್ಮ ಯುನಾನಿಯಲ್ಲೂ ಖಶ್‌ಖಾಶ್ ಸೇರಿದ ಶರ್ಬತ್ತುಗಳಿವೆ. ಯಾವ ವೈದ್ಯರ ಬಳಿ ಹೋದರೂ "ನಾನು ಗಾಡಿ ಓಡಿಸುವವನು" ಎಂದು ಮೊದಲು ಹೇಳಿ.

ಮನೆಯವರು ಗಮನಿಸಬೇಕಾದ ಒಂದು ಲಕ್ಷಣ ಇದೆ. ಅವರು ಮನೆಯಲ್ಲಿ ಮಲಗಿದಾಗ ಜೋರಾಗಿ ಗೊರಕೆ ಹೊಡೆಯುತ್ತಾರೆಯೇ? ನಡುವೆ ಉಸಿರು ನಿಂತು ಮತ್ತೆ ಬಿಕ್ಕಿದಂತೆ ಶುರುವಾಗುತ್ತದೆಯೇ? ಎಷ್ಟು ಮಲಗಿದರೂ ಹಗಲು ತೂಕಡಿಸುತ್ತಾರೆಯೇ? ಇದು ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ. ಕುತ್ತಿಗೆ, ಹೊಟ್ಟೆ ದಪ್ಪ ಇರುವವರಲ್ಲಿ ಹೆಚ್ಚು. ಇದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆ ಇದೆ. ಗೊರಕೆಯನ್ನು ತಮಾಷೆ ಮಾಡಿ ಬಿಡಬೇಡಿ.

2. ಗಾಳಿ: ಬಿಸಿ ಮತ್ತು ತಣ್ಪು

ಹೊರಗೆ 38 ಡಿಗ್ರಿ, ಪೆಟ್ಟಿಗೆಯ ಒಳಗೆ ಮೈನಸ್ 18. ಒಂದು ಹೆಜ್ಜೆಯಲ್ಲಿ 56 ಡಿಗ್ರಿಯ ವ್ಯತ್ಯಾಸ. ಹಠಾತ್ತನೆ ತಣ್ಪು ತಾಗಿದಾಗ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಉಬ್ಬಸ ಇರುವವರಿಗೆ ಎದೆ ಬಿಗಿಯುತ್ತದೆ. ಬೆವರಿ ಒದ್ದೆಯಾದ ಅಂಗಿಯಲ್ಲಿ, ಬರಿಗೈಯಲ್ಲಿ ಒಳಗೆ ಹೋಗಬೇಡಿ. ಒಣಗಿದ ದಪ್ಪ ಕೋಟು, ಒಣ ಕೈಗವಸು, ತಲೆಗೆ ಟೋಪಿ, ಮುಚ್ಚಿದ ಬೂಟು ಗಾಡಿಯಲ್ಲೇ ಇರಲಿ. ತಣ್ಪಿನಲ್ಲಿ ಒಳಗೆ ಹೋದಾಗ ಎದೆ ಹಿಂಡಿದಂತಾದರೆ ಗ್ಯಾಸ್ ಎಂದು ತಿಳಿಯದೆ ಇಸಿಜಿ ಮಾಡಿಸಿ.

ಎರಡು ಅಪಾಯಗಳು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು, ಬಾಗಿಲು ಹೊರಗಿನಿಂದ ಮುಚ್ಚಿಕೊಳ್ಳುವುದು. ಒಳಗಿನಿಂದ ತೆರೆಯುವ ಹಿಡಿ ಕೆಲಸ ಮಾಡುತ್ತದೆಯೇ ಎಂದು ಹೊರಡುವ ಮೊದಲು ನೋಡಿ. ಒಬ್ಬರೇ ಇರುವಾಗ ಯಾರಿಗೂ ಹೇಳದೆ ಒಳಗೆ ಹೋಗಬೇಡಿ, ಫೋನ್ ಜೇಬಿನಲ್ಲಿರಲಿ. ಎರಡು, ಡ್ರೈ ಐಸ್. ಐಸ್‌ಕ್ರೀಮ್, ಔಷಧ ಸಾಗಿಸುವಾಗ ಕೆಲವೊಮ್ಮೆ ಬಳಸುತ್ತಾರೆ. ಅದು ಮೈನಸ್ 78 ಡಿಗ್ರಿ ಇರುವ ಗಟ್ಟಿ ಇಂಗಾಲದ ಡೈ ಆಕ್ಸೈಡ್. ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಗಾಯದಂತಾಗುತ್ತದೆ. ಕರಗದೆ ನೇರವಾಗಿ ಅನಿಲವಾಗಿ ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಆ ಅನಿಲಕ್ಕೆ ವಾಸನೆ ಇಲ್ಲ, ಉಸಿರು ಕಟ್ಟುತ್ತದೆ. ಡ್ರೈ ಐಸ್ ಇರುವ ಪೆಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದು ಗಾಳಿಯಾಡಲು ಬಿಟ್ಟು ನಂತರವೇ ಒಳಗೆ ಹೋಗಿ. ಕ್ಯಾಬಿನ್ನಿನೊಳಗೆ ಇಟ್ಟುಕೊಂಡು ಗಾಜು ಮುಚ್ಚಿ ಓಡಿಸಬೇಡಿ.

ರಾತ್ರಿ ಸಾಲುಸಾಲು ರೀಫರ್ ಗಾಡಿಗಳು ನಿಲ್ಲುವ ಜಾಗದಲ್ಲಿ ಪಕ್ಕದ ಯೂನಿಟ್ಟಿನ ಹೊಗೆ ನಿಮ್ಮ ಕಿಟಕಿಗೆ ಬರುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಹೇಳಿದೆ. ಸಾಧ್ಯವಾದಷ್ಟು ಸಾಲಿನ ಕೊನೆಯಲ್ಲಿ, ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಿಸಿ.

3. ಅನ್ನ ಮತ್ತು ನೀರು

ಧಾಬಾದ ಎಣ್ಣೆಯ ಪರೋಟ, ಬಿರಿಯಾನಿ, ಮೇಲೆ ಎರಡು ಸಿಹಿ ಚಹಾ, ಮತ್ತೆ ಆರು ಗಂಟೆ ಒಂದೇ ಕಡೆ ಕುಳಿತಿರುವುದು. ಹೊಟ್ಟೆ ದಪ್ಪವಾಗದೆ ಇನ್ನೇನಾಗುತ್ತದೆ? ಹೊಟ್ಟೆ ತುಂಬಿದ ಮೇಲೆ ನಿದ್ದೆಯೂ ಹೆಚ್ಚು. ಹಸಿವಿನ ಮೂರನೆಯ ಒಂದು ಭಾಗ ಖಾಲಿ ಬಿಡಬೇಕೆಂಬುದು ನಮಗೆ ಗೊತ್ತಿರುವ ಸುನ್ನತ್ತೇ ಆಗಿದೆ. ಅದು ಚಾಲಕನಿಗೆ ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಮನೆಯಿಂದ ಹೊರಡುವಾಗ ಕಟ್ಟಿಕೊಡಲು ಯೋಗ್ಯವಾದವು: ಹುರಿಗಡಲೆ, ನೆಲಗಡಲೆ, ಬೇಯಿಸಿದ ಮೊಟ್ಟೆ (ಮೊದಲ ದಿನಕ್ಕೆ), ಸೌತೆಕಾಯಿ, ಪೇರಲೆ, ಬಾಳೆಹಣ್ಣು, ಅಕ್ಕಿರೊಟ್ಟಿ. ಖರ್ಜೂರ ಒಳ್ಳೆಯದು, ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಒಂದೆರಡು ಸಾಕು. ಧಾಬಾದಲ್ಲಿ ತವಾ ರೊಟ್ಟಿ, ದಾಲ್, ಮೊಸರು ಕೇಳಿದರೆ ಸಿಗುತ್ತದೆ.

ಮಲಬದ್ಧತೆಗೆ ಇಸಬ್ಗೋಲ್ ಒಂದೆರಡು ಚಮಚ ರಾತ್ರಿ ತೆಗೆದುಕೊಳ್ಳಬಹುದು. ಆದರೆ ತುಂಬಿದ ಒಂದು ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಅದೇ ಗಂಟಲಲ್ಲಿ, ಕರುಳಲ್ಲಿ ಕಟ್ಟಿಕೊಳ್ಳಬಹುದು. ಅಜೀರ್ಣಕ್ಕೆ ಜೀರಿಗೆಯ ಜವಾರಿಶ್ ಕೊಡುತ್ತೇವೆ. ನೆನಪಿಡಿ, ನಮ್ಮ ಮಾಜೂನ್, ಜವಾರಿಶ್‌ಗಳು ಹೆಚ್ಚಾಗಿ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಮಾಡಿದವು. ಸಕ್ಕರೆ ಕಾಯಿಲೆಯವರು ಕೇಳದೆ ಕೊಳ್ಳಬಾರದು.

4. ಹೊರಹೋಗಬೇಕಾದದ್ದು

ನನ್ನ ಬಳಿ ಬಂದ ಆ ಚಾಲಕರು ದಿನಕ್ಕೆ ಒಂದು ಲೀಟರ್ ನೀರು ಕುಡಿಯುತ್ತಿದ್ದರೋ ಇಲ್ಲವೋ. ಕಾರಣ ಕೇಳಿದರೆ, "ನೀರು ಕುಡಿದರೆ ಮತ್ತೆ ಮತ್ತೆ ನಿಲ್ಲಿಸಬೇಕಾಗ್ತದೆ. ನಿಲ್ಲಿಸುವುದೆಲ್ಲಿ?" ಎಂದರು. ಇದು ಅವರೊಬ್ಬರ ಮಾತಲ್ಲ. ನೀರು ಕಡಿಮೆ, ಬೆವರು ಹೆಚ್ಚು, ಮೂತ್ರ ತಡೆದಿಡುವುದು. ಕಲ್ಲು ಮತ್ತು ಸೋಂಕಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಅವರ ಸಕ್ಕರೆಯೂ ಏರಿದ್ದರಿಂದ ಸೋಂಕು ಇನ್ನಷ್ಟು ಸುಲಭವಾಗಿ ಹಿಡಿದಿತ್ತು.

ಕಿಡ್ನಿ, ಹೃದಯದ ಕಾಯಿಲೆ ಇಲ್ಲದವರು ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು ಕುಡಿಯಬೇಕು. ಮೂತ್ರದ ಬಣ್ಣವೇ ನಿಮ್ಮ ಮೀಟರ್: ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿಯಾದರೆ ನೀರು ಸಾಲದು. ಶುದ್ಧಿಗೆಂದು ಬೇರೆಯೇ ಒಂದು ಬಾಟಲಿ ನೀರು, ಸಾಬೂನು ಕ್ಯಾಬಿನ್ನಿನಲ್ಲಿ ಇರಲಿ. ಹೆದ್ದಾರಿಯ ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಈಗ ಚಾಲಕರಿಗೆ ಶೌಚಾಲಯ, ಸ್ನಾನದ ಕೋಣೆ ಇವೆ. ನಿಮ್ಮ ದಾರಿಯಲ್ಲಿ ಅಂಥವು ಎಲ್ಲಿವೆ ಎಂದು ಗುರುತಿಟ್ಟುಕೊಳ್ಳಿ.

ಒಂದು ಸುಲಭದ ಉಪಾಯ: ನಮಾಜಿನ ನಿಲುಗಡೆಯನ್ನೇ ಆರೋಗ್ಯದ ನಿಲುಗಡೆಯನ್ನಾಗಿ ಮಾಡಿಕೊಳ್ಳಿ. ನಿಂತಾಗ ಮೂತ್ರ, ವುಝೂ, ನಮಾಜ್, ಎರಡು ಲೋಟ ನೀರು, ಗಾಡಿಯ ಸುತ್ತ ಐದು ನಿಮಿಷ ನಡಿಗೆ, ಯೂನಿಟ್ಟಿನ ತಾಪಮಾನದ ಮೇಲೆ ಒಂದು ಕಣ್ಣು, ಟಯರಿನ ಮೇಲೆ ಒಂದು ಕಣ್ಣು. ಹೇಗೂ ನಿಲ್ಲುವ ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಆಗುತ್ತದೆ.

5. ಮೈಯ ಚಲನೆ ಮತ್ತು ವಿಶ್ರಾಂತಿ

ಗಂಟೆಗಟ್ಟಲೆ ಅಲುಗಾಡುವ ಸೀಟಿನಲ್ಲಿ ಕುಳಿತ ಬೆನ್ನು ಇಳಿದ ತಕ್ಷಣ ಭಾರ ಎತ್ತಲು ಸಿದ್ಧವಾಗಿರುವುದಿಲ್ಲ. ಆದರೆ ನಮ್ಮ ಚಾಲಕರು ಇಳಿದ ಕೂಡಲೇ ಮೀನಿನ ಬಾಕ್ಸಿಗೆ ಕೈ ಹಾಕುತ್ತಾರೆ. ಮೊದಲು ಹತ್ತು ನಿಮಿಷ ನಡೆದಾಡಿ ಬೆನ್ನು ಸಡಿಲವಾಗಲಿ. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತಿ. ಹಿಂದಿನ ಜೇಬಿನ ದಪ್ಪ ಪರ್ಸ್ ತೆಗೆದಿಟ್ಟು ಕುಳಿತುಕೊಳ್ಳಿ. ಒಂದು ಕಡೆ ಸೊಂಟ ಓರೆಯಾಗಿ ಕಾಲಿನ ನರಕ್ಕೆ ಒತ್ತಡ ಬೀಳುವುದು ಇದರಿಂದಲೂ ಆಗುತ್ತದೆ.

ಬೆನ್ನುನೋವಿಗೆ ಹಿಜಾಮ ಮಾಡಿಸಲು ಬರುವ ಚಾಲಕರು ಬಹಳ. ಕೆಲವರಿಗೆ ಆರಾಮ ಸಿಗುತ್ತದೆ. ಆದರೆ ಮಾಡಿಸಿಕೊಂಡ ದಿನವೇ ಗಾಡಿ ಹತ್ತಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ಮೊದಲೇ ತಿಳಿಸಬೇಕು. ಕಾಲು ಜೋಮು ಹಿಡಿದು ಬಲ ಕಡಿಮೆಯಾಗಿದ್ದರೆ ಅದು ಹಿಜಾಮಕ್ಕೆ ನಿಲ್ಲುವ ಕಾಯಿಲೆಯಲ್ಲ, ಬೆನ್ನುಮೂಳೆಯ ಪರೀಕ್ಷೆ ಆಗಲೇಬೇಕು.

ಹಸಿ ಮೀನಿನ ಗಾಡಿಯವರು ಕೈ-ಕಾಲಿನ ಗಾಯವನ್ನು ಹಗುರವಾಗಿ ಕಾಣಬಾರದು. ಮೀನಿನ ಮುಳ್ಳು ಚುಚ್ಚಿದರೆ ಸಾಬೂನು ನೀರಿನಿಂದ ತೊಳೆದು ಮುಚ್ಚಿ. ದಕ್ಕೆಯ ನೀರು, ಮಾರ್ಕೆಟ್ಟಿನ ಕೆಸರು ಇಲಿಯ ಮೂತ್ರ ಸೇರಿದ ಜಾಗ. ಗಾಯದ ಕಾಲಿನಲ್ಲಿ ಚಪ್ಪಲಿ ಹಾಕಿ ನಡೆದರೆ ಇಲಿಜ್ವರ ಬರಬಹುದು. ಗಮ್‌ಬೂಟು ಹಾಕಿ. ಜ್ವರದ ಜೊತೆ ಮೀನಖಂಡ ತುಂಬ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಅಂದೇ ವೈದ್ಯರನ್ನು ಕಾಣಿ.

6. ಮನಸ್ಸು

ಮಾಲು ಹಾಳಾದರೆ ಯಾರ ತಲೆಗೆ? ತಡವಾದರೆ ಬಾಡಿಗೆಯಲ್ಲಿ ಎಷ್ಟು ಮುರಿಯುತ್ತಾರೆ? ಮಗಳ ಶಾಲೆಯ ಫೀಸು, ಮನೆಯ ಸಾಲ. ಇದೆಲ್ಲ ಒಬ್ಬನೇ ಕುಳಿತು ರಾತ್ರಿಯಿಡೀ ಯೋಚಿಸುವ ಕೆಲಸ ಇದು. ಮನೆಗೆ ಬಂದಾಗ ಸಿಟ್ಟು ಮಾಡುತ್ತಾರೆ, ಯಾರೊಂದಿಗೂ ಮಾತಾಡುವುದಿಲ್ಲ ಎಂದು ಹೆಂಡತಿಯರು ನನ್ನಲ್ಲಿ ಹೇಳಿಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಪ್ರೀತಿಯ ಕೊರತೆಯಲ್ಲ, ನಿದ್ದೆಯ ಕೊರತೆ. ಬಂದ ದಿನ ಅವರನ್ನು ಮಲಗಲು ಬಿಡಿ. ಮದುವೆ, ಸಾಲ, ಜಾಗದ ತಕರಾರು ಮಾರನೆಯ ದಿನ ಮಾತಾಡಿದರಾಯಿತು. ಎರಡು ವಾರ ಮನೆಯಲ್ಲಿದ್ದರೂ ಮಂಕು ಹೋಗದಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ ಮನೋವೈದ್ಯರ ಬಳಿ ಕರೆದೊಯ್ಯಲು ನಾಚಬೇಡಿ.

ಸಕ್ಕರೆ ಕಾಯಿಲೆ ಇರುವ ಚಾಲಕರಿಗೆ

ಕೆಲವು ಸಕ್ಕರೆ ಮಾತ್ರೆಗಳು ಮತ್ತು ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಶುಗರ್ ಲೋ ಆಗುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಮಂಕು. ಕೂಡಲೇ ಬದಿಗೆ ನಿಲ್ಲಿಸಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷದ ನಂತರ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಮತ್ತೆ ಕುಡಿಯಿರಿ. ಸರಿಯಾದ ಮೇಲೂ ಏನಾದರೂ ತಿಂದು ಮುಕ್ಕಾಲು ಗಂಟೆ ಕಾದು ಹೊರಡಿ.

ಇನ್ಸುಲಿನ್ನಿನ ವಿಷಯದಲ್ಲಿ ಒಂದು ತಪ್ಪು ಆಗಾಗ ಕಾಣುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಇಟ್ಟರೆ ಬಿಸಿಲಿಗೆ ಹಾಳು. ಹಾಗೆಂದು ಹಿಂದಿನ ಪೆಟ್ಟಿಗೆಯಲ್ಲಿ ಮೀನಿನ ಜೊತೆ ಇಟ್ಟರೆ ಹೆಪ್ಪುಗಟ್ಟಿ ಹಾಳು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಾಯಿ ಅಗಲದ ಫ್ಲಾಸ್ಕಿನಲ್ಲಿ ತಣ್ಣೀರಿನ ಚೀಲದ ಜೊತೆ, ಐಸಿಗೆ ನೇರ ತಾಗದಂತೆ ಇಡಿ.

ರಮಝಾನಿನಲ್ಲಿ ಪ್ರಯಾಣಿಕನಿಗೂ ರೋಗಿಗೂ ಉಪವಾಸ ಮುಂದೂಡುವ ರಿಯಾಯಿತಿ ಇರುವುದು ಎಲ್ಲರಿಗೂ ತಿಳಿದದ್ದೇ. ಅದು ನಿಮಗೆ ಹೇಗೆ ಅನ್ವಯಿಸುತ್ತದೆ ಎಂದು ಉಲಮಾಗಳಲ್ಲಿ ಕೇಳಿ, ಮಾತ್ರೆಯ ಸಮಯ ಹೇಗೆ ಬದಲಿಸಬೇಕೆಂದು ರಮಝಾನಿಗೆ ಮೊದಲೇ ವೈದ್ಯರಲ್ಲಿ ಕೇಳಿ. ಉಪವಾಸ ಹಿಡಿದವರು ಇಫ್ತಾರನ್ನು ಓಡುವ ಗಾಡಿಯಲ್ಲಿ ಮಾಡಬೇಡಿ. ನಿಲ್ಲಿಸಿ, ಇಳಿದು, ನೆಮ್ಮದಿಯಾಗಿ ತೆರೆಯಿರಿ.

ತಡ ಮಾಡಬಾರದ ಲಕ್ಷಣಗಳು

ಎದೆ ಹಿಂಡಿ ಎಡಗೈ ಅಥವಾ ದವಡೆಗೆ ಹರಡುವ ನೋವು. ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು. ಒಂದೇ ಕಾಲು ಊದಿ ನೋಯುವುದು, ಆಮೇಲೆ ಹಠಾತ್ ಏದುಸಿರು. ಕಲ್ಲಿನ ನೋವಿನ ಜೊತೆ ಚಳಿಜ್ವರ. ಇವು ಯಾವುದಕ್ಕೂ ನನ್ನಲ್ಲಿಗೆ ಬರಬೇಡಿ, ಊರು ತಲುಪಲೆಂದು ಕಾಯಬೇಡಿ. ಗಾಡಿ ನಿಲ್ಲಿಸಿ 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಈ ಮೂರು ಸಂಖ್ಯೆಗಳನ್ನು ಕ್ಯಾಬಿನ್ನಿನಲ್ಲಿ ಬರೆದು ಅಂಟಿಸಿ.

ಮನೆಯವರ ಪಾಲು

ಗಾಡಿಗೆ ಎಫ್.ಸಿ. ಇದ್ದ ಹಾಗೆ ಮೈಗೂ ಆರು ತಿಂಗಳಿಗೊಮ್ಮೆ ಎಫ್.ಸಿ. ಮಾಡಿಸಿ: ಬಿಪಿ, ಶುಗರ್, ತೂಕ, ಮೂತ್ರ, ಕಣ್ಣು. ಬಿಪಿ 140/90ರ ಮೇಲೆ, ಬರಿಹೊಟ್ಟೆಯ ಶುಗರ್ 126ರ ಮೇಲೆ ಮತ್ತೆ ಮತ್ತೆ ಬಂದರೆ ಚಿಕಿತ್ಸೆ ಬೇಕು. ಮನೆಯಲ್ಲಿ ಒಂದು ಪುಸ್ತಕ ಇಟ್ಟು ತಾರೀಕು ಹಾಕಿ ಬರೆದಿಡಿ.

ಫೋನ್ ಮಾಡುವ ವಿಷಯ. "ಎಲ್ಲಿ ತಲುಪಿದಿರಿ? ಎಷ್ಟು ಹೊತ್ತಿಗೆ ಬರುತ್ತೀರಿ?" ಎಂದು ಗಂಟೆಗೊಮ್ಮೆ ಕೇಳುವುದು ಪ್ರೀತಿಯಿಂದಲೇ ಆದರೂ ಮಾಲಕರ ಅವಸರಕ್ಕೆ ಮನೆಯ ಅವಸರವೂ ಸೇರಿದಂತಾಗುತ್ತದೆ. ನಿಂತಾಗ ಅವರೇ ಕರೆ ಮಾಡಲಿ ಎಂದು ಮಾತು ಮಾಡಿಕೊಳ್ಳಿ. ಕರೆ ಬಂದಾಗ ಮೊದಲು ಕೇಳಬೇಕಾದದ್ದು ಎರಡೇ: "ಎಷ್ಟು ನಿದ್ದೆಯಾಯಿತು? ನೀರು ಕುಡಿದಿರಾ?"

ಗಾಡಿಯ ಮಾಲಕರೂ ನಮ್ಮವರೇ ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನ ವಿನಂತಿ: ದೂರದ ಓಟಕ್ಕೆ ಇಬ್ಬರು ಚಾಲಕರನ್ನು ಕಳುಹಿಸಿ. ಖರ್ಚು ಹೆಚ್ಚು ಎಂಬುದು ನಿಜ. ನಿದ್ದೆಯಲ್ಲಿ ಮಗುಚಿದ ಒಂದು ಗಾಡಿಯ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು, ಹೋದ ಜೀವಕ್ಕಂತೂ ಲೆಕ್ಕವೇ ಇಲ್ಲ.

ಮೊದಲು ಹೇಳಿದ ಚಾಲಕರು ಈಗ ತಿಂಗಳಿಗೆ ಒಂದು ಟ್ರಿಪ್ ಕಡಿಮೆ ಮಾಡಿದ್ದಾರೆ. ಕೈಗೆ ಬರುವ ಹಣವೂ ಅಷ್ಟು ಕಡಿಮೆಯಾಗಿದೆ, ಮನೆಯಲ್ಲಿ ಅದರ ಬಿಸಿ ತಟ್ಟಿದೆ. ಸಕ್ಕರೆಗೆ ಮಾತ್ರೆ ನಡೆಯುತ್ತಿದೆ, ಉರಿಮೂತ್ರ ನಿಂತಿದೆ. ಕಳೆದ ತಿಂಗಳು ಬಂದಾಗ ಜೊತೆಗೆ ಅವರ ಮನೆಯವರೂ ಬಂದಿದ್ದರು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಕು, ಶುಗರ್, ಬಿಪಿ, ನಿದ್ದೆಯ ಗಂಟೆ ಎಂದು ನಾಲ್ಕು ಸಾಲು ಮಾಡಿ ಬರೆದು ತಂದಿದ್ದರು. ಬರಿಹೊಟ್ಟೆಯ ಶುಗರ್ 130ಕ್ಕೆ ಇಳಿದಿತ್ತು. ನಿದ್ದೆಯ ಸಾಲಿನಲ್ಲಿ ಕೆಲವು ದಿನ 4 ಎಂದು, ಕೆಲವು ದಿನ 6 ಎಂದು ಇತ್ತು. 4 ಇದ್ದ ಕಡೆಗಳಲ್ಲಿ ಅವರು ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು.

ನಿಮ್ಮ ಮನೆಯಲ್ಲೂ ಅಂಥ ಒಂದು ನೋಟ್‌ಬುಕ್ ಇಂದೇ ಶುರುವಾಗಲಿ.